ಗುಂಡಿನ ವೇಗವೂ ಅನುಮಾನದ ಅಧಿಕಾರವೂ

ಕಂಡದ್ದರಿಂದ ಕಾಣದ್ದಕ್ಕೆ ಹೆಜ್ಜೆಯಿಡುವಾಗ ಮನುಷ್ಯನ ಬುದ್ಧಿಗೆ ಆಧಾರವಾಗಿ ನಿಲ್ಲತಕ್ಕದ್ದು ಯಾವುದು ಎಂಬ ಪ್ರಶ್ನೆಯನ್ನು ನಮ್ಮ ತಾರ್ಕಿಕರು ಬೆಟ್ಟ, ಹೊಗೆ, ಬೆಂಕಿ ಎಂಬ ಮೂರನ್ನು ಮುಂದಿಟ್ಟುಕೊಂಡು ಸಾವಿರ ವರ್ಷಗಳಿಗೂ ಮಿಕ್ಕಿ ವಿಚಾರಮಾಡಿದರು. ಆ ದೃಷ್ಟಾಂತ ಈಗ ನಮ್ಮ ಕಿವಿಗೆ ಅತಿಪರಿಚಿತವಾಗಿ, ಅದರೊಳಗಿನ ಕಾಠಿಣ್ಯ ನಮಗೆ ತೋರದಂತಾಗಿದೆ. ಬೆಟ್ಟದ ಮೇಲೆ ಬೆಂಕಿಯಿದ್ದರೂ ಇಲ್ಲದಿದ್ದರೂ ದೂರದಲ್ಲಿ ನಿಂತು ಊಹಿಸುವವನಿಗೆ ನಷ್ಟವೇನೂ ಇಲ್ಲ. ಊಹೆ ತಪ್ಪಿದರೆ ಊಹಿಸಿದವನ ಮೈಗೇ ಪೆಟ್ಟು ತಗಲುವಂಥ ದೃಷ್ಟಾಂತವೊಂದನ್ನು ಹುಡುಕಿಕೊಂಡರೆ ಆ ಹಳೆಯ ಪ್ರಶ್ನೆಯ ಮೊನೆ ಮತ್ತೆ ಹರಿತವಾದೀತೆಂದು ನನಗೆ ತೋರುತ್ತದೆ. ಅಂಥದೊಂದು ಅಮೆರಿಕದ ಬೇಟೆಗಾರರ ಮತ್ತು ಗುರಿಕಾರರ ಕೈಕೆಲಸದಲ್ಲಿ ದೊರೆಯುತ್ತದೆ. ಕೋವಿಯ ವಿಷಯದಲ್ಲಿ ತತ್ತ್ವಶಾಸ್ತ್ರಕ್ಕೇನು ಕೆಲಸವೆಂದು ಕೇಳುವವರು, ಅನುಮಾನಪ್ರಮಾಣದ ವಿಚಾರದಲ್ಲಿ ನಮ್ಮ ನೈಯಾಯಿಕರು ಮತ್ತೆ ಮತ್ತೆ ಎತ್ತಿಕೊಂಡ ಉದಾಹರಣೆಗಳಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡೂ ಒಂದೆಂಬುದನ್ನು ನೆನೆಯಬೇಕು. ಆ ಗುಂಡಿನ ಮಾತು ಮುಂದೆ ಬರುತ್ತದೆ.

ಆ ದೇಶದಲ್ಲಿ ಕೋವಿಯ ತೋಟಾಗಳನ್ನು ಅಂಗಡಿಯಲ್ಲಿ ಕೊಳ್ಳುವುದಕ್ಕೆ ಬದಲಾಗಿ ಮನೆಯಲ್ಲಿ ತಾವೇ ತುಂಬಿಕೊಳ್ಳುವವರು ಬಹು ಮಂದಿ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕವಚವನ್ನು ಎಸೆಯದೆ ಎತ್ತಿಟ್ಟು, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಉರಿದುಹೋದ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ತಕ್ಕಡಿಯಲ್ಲಿ ತೂಗಿದ ಮದ್ದನ್ನು ಸುರಿದು, ಕವಚದ ಬಾಯಿಗೆ ಗುಂಡನ್ನು ನೆಟ್ಟಗೆ ಒತ್ತಿದರೆ ತೋಟಾ ಸಿದ್ಧವಾಯಿತು. ಇಲ್ಲಿ ತೂಕದ ಮಾನ ಗ್ರೇನ್; ಒಂದು ಪೌಂಡಿಗೆ ೭,೦೦೦ ಗ್ರೇನುಗಳು; ತಕ್ಕಡಿಯಾದರೋ ಗ್ರೇನಿನ ಹತ್ತನೆಯ ಒಂದು ಪಾಲನ್ನು ಬೇರ್ಪಡಿಸಿ ತೋರಿಸುವಷ್ಟು ಸೂಕ್ಷ್ಮವಾದದ್ದು. ಹೀಗೆ ತುಂಬುವವನು ಇದುವರೆಗೆ ೧೫೦ ಗ್ರೇನಿನ ಗುಂಡನ್ನು ಬಳಸುತ್ತಿದ್ದು ಅದರ ವೇಗವನ್ನು ಅರಿತಿದ್ದಾನೆ ಎಂದಿಟ್ಟುಕೊಳ್ಳೋಣ. ಈಗ ಅವನಿಗೆ ದೊಡ್ಡ ಮೃಗಕ್ಕೆ ಒಪ್ಪುವ ೧೮೦ ಗ್ರೇನಿನ ಗುಂಡು ಬೇಕಾಗಿದೆ. ಅದು ಯಾವ ವೇಗದಿಂದ ನಳಿಗೆಯನ್ನು ಬಿಟ್ಟು ಹೊರಡುತ್ತದೆ? ಹಾರಿಸಿ ಅಳೆಯುವುದಕ್ಕೆ ಮುಂಚೆಯೇ, ಕಾಗದದ ಮೇಲೆ, ತಿಳಿದದ್ದರಿಂದ ತಿಳಿಯದ್ದನ್ನು ಸಾಧಿಸಿಕೊಳ್ಳುವುದು ಅವನ ಇಷ್ಟ. ಮಿಥಿಲೆಯಲ್ಲಿಯೂ ವಿಜಯನಗರದಲ್ಲಿಯೂ ಪಂಡಿತರನ್ನು ಕಾಡಿದ ಪ್ರಶ್ನೆಯೇ ಅವನ ಮನೆಯ ಹಿಂಭಾಗದ ಮೇಜಿನ ಮೇಲೆ ಬೇರೊಂದು ವೇಷದಲ್ಲಿ ಕುಳಿತಿದೆ.

ಗುಂಡಿನ ವೇಗವನ್ನು ಅಳೆಯಲಾದೀತೆಂಬ ಭರವಸೆಯೇ ಲೋಕಕ್ಕೆ ಬಂದದ್ದು ತಡವಾಗಿ. ಅದನ್ನು ತಂದುಕೊಟ್ಟವನು ಇಂಗ್ಲೆಂಡಿನ ಬಾತ್ ನಗರದಲ್ಲಿ ೧೭೦೭ರಲ್ಲಿ ಹುಟ್ಟಿದ ಬೆಂಜಮಿನ್ ರಾಬಿನ್ಸ್. ಆಯುಧವನ್ನು ಮುಟ್ಟುವುದೇ ಅಧರ್ಮವೆಂದು ನಂಬಿದ ಕ್ವೇಕರ್ ಪಂಥದ ತಂದೆತಾಯಿಗಳ ಮಗನೊಬ್ಬನು ಆ ಪಂಥದ ಆಚಾರವನ್ನು ಬಿಟ್ಟು ಫಿರಂಗಿಯ ಗಣಿತಕ್ಕೆ ಮೂಲಪುರುಷನಾದದ್ದು ಮನಸ್ಸನ್ನು ತಡೆದು ನಿಲ್ಲಿಸತಕ್ಕ ಸಂಗತಿ. ೧೭೪೨ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು ವರ್ಣಿಸಿದ ಯಂತ್ರ ಸರಳವಾದದ್ದು: ಮೂರು ಕಂಬಗಳ ನಡುವೆ ಜೋಕಾಲಿಯಂತೆ ತೂಗಬಿಟ್ಟ ಕಬ್ಬಿಣದ ಲೋಲಕ, ಅದರ ಎದೆಗೆ ಬಿಗಿದ ಮರದ ದಪ್ಪ ಹಲಗೆ, ಅದರ ಕೆಳತುದಿಗೆ ಕಟ್ಟಿದ ಒಂದು ಕಿರಿದಾದ ಪಟ್ಟಿ. ಗುಂಡು ಮರವನ್ನು ಹೊಕ್ಕು ಅಲ್ಲಿಯೇ ನಿಂತಾಗ ಲೋಲಕ ಹಿಂದಕ್ಕೆ ತೂಗುತ್ತದೆ; ತೂಗಿದಷ್ಟೂ ಪಟ್ಟಿ ಎರಡು ಉಕ್ಕಿನ ಅಂಚುಗಳ ನಡುವೆ ಜಾರಿ ಹೊರಬರುತ್ತದೆ; ಜಾರಿದ ಪಟ್ಟಿಯ ಉದ್ದವನ್ನು ಅಳತೆಗೋಲಿಗೆ ಹಿಡಿದರೆ ಲೋಲಕ ಎಷ್ಟು ದೂರ ಸರಿಯಿತೆಂಬುದು ಗೊತ್ತಾಗುತ್ತದೆ. ಲೋಲಕದ ಭಾರ, ಗುಂಡಿನ ಭಾರ, ಸರಿದ ದೂರ ಇವು ತಿಳಿದ ಮೇಲೆ ನ್ಯೂಟನ್ನನ ಚಲನನಿಯಮಗಳ ಮೂಲಕ ಗುಂಡಿನ ವೇಗವನ್ನು ಗಣಿಸಬಹುದು. ಆಗಿನ ಬಂದೂಕಿನ ಸೀಸದ ಗುಂಡು ಸೆಕೆಂಡಿಗೆ ೧,೬೦೦ ಅಡಿಗಳಿಗೂ ಮೀರಿ ಓಡುತ್ತದೆಂಬುದು ಹೀಗೆ ಗೊತ್ತಾಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ರಾಬಿನ್ಸನ ಕಣ್ಣು ಕಂಡದ್ದು ಪಟ್ಟಿಯ ಉದ್ದವನ್ನು ಮಾತ್ರ, ವೇಗವನ್ನಲ್ಲ. ವೇಗವು ಅವನಿಗೆ ಅನುಮಾನಗಮ್ಯವೇ ಆಗಿದ್ದಿತು. ನಾವು ಅಳತೆ ಎಂದು ಕರೆಯುವ ಪ್ರತ್ಯಕ್ಷದ ಬೆನ್ನೆಲುಬಿನಲ್ಲಿಯೂ ಹೀಗೆ ಒಂದು ಅನುಮಾನ ಹುದುಗಿರುವುದುಂಟು. ಆದರೂ ಆ ಅನುಮಾನ ಇದೇ ಗುಂಡನ್ನು ಕುರಿತದ್ದು, ಇದೇ ಈಡಿನ ಕಾರ್ಯವನ್ನು ಹಿಡಿದು ಕಾರಣಕ್ಕೆ ಹೋಗುವಂಥದು. ಒಂದು ಗುಂಡಿನಿಂದ ಇನ್ನೊಂದು ಗುಂಡಿಗೆ ದಾಟುವ ಅನುಮಾನದ ಸಾಹಸ ಬೇರೆಯ ಜಾತಿಯದು. ನಮ್ಮ ಚರ್ಚೆಗೆ ವಿಷಯ ಅದು. (ಈ ರಾಬಿನ್ಸನೇ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸುವ ಅಧಿಕಾರಿಯಾಗಿ ನಮ್ಮ ದಕ್ಷಿಣಕ್ಕೆ ಬಂದು, ೧೭೫೧ರ ಜುಲೈಯಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಅವನು ಸತ್ತ ನಾಡಿನಲ್ಲಿ ಅನುಮಾನದ ಶಾಸ್ತ್ರವು ಅತ್ಯಂತ ಸೂಕ್ಷ್ಮವಾಗಿ ಬೆಳೆದಿದ್ದಿತೆಂಬುದನ್ನು ಅವನಿಗೆ ಹೇಳುವವರು ಯಾರೂ ಇದ್ದಂತೆ ತೋರುವುದಿಲ್ಲ. ಹೇಳಿದ್ದರೆ ಅವನು ಕಿವಿಗೊಡುತ್ತಿದ್ದನೆಂದು ನಂಬಲು ನನಗೆ ಇಷ್ಟ.)

ರಾಬಿನ್ಸನ ಲೋಲಕವನ್ನು ಹಿರಿದು ಮಾಡಿ ಫಿರಂಗಿಯ ಮುಂದೆ ತೂಗಹಾಕಿದವನು ಚಾರ್ಲ್ಸ್ ಹಟನ್. ನ್ಯೂಕ್ಯಾಸಲಿನ ಕಲ್ಲಿದ್ದಲ ಗಣಿಯ ಕೂಲಿಯ ಮಗನಾಗಿ, ತಾನೂ ಗಣಿಯಲ್ಲಿ ದುಡಿದು, ಸ್ವಪ್ರಯತ್ನದಿಂದ ಗಣಿತವನ್ನು ಕಲಿತು, ವುಲಿಚ್ಚಿನ ಸೈನಿಕ ವಿದ್ಯಾಶಾಲೆಯಲ್ಲಿ ಪ್ರಾಧ್ಯಾಪಕನಾದ ಈ ಪುರುಷನು ೧೭೭೫ರಲ್ಲಿ ಎರಡು, ನಾಲ್ಕು, ಎಂಟು ಔನ್ಸು ಮದ್ದುಗಳನ್ನು ಬಳಸಿ, ಹಗುರವಾದ ಗುಂಡು ಭಾರವಾದ ಗುಂಡು ಎರಡನ್ನೂ ಹಾರಿಸಿ, ೧೭೭೮ರಲ್ಲಿ ತನ್ನ ನಿರ್ಣಯಗಳನ್ನು ರಾಯಲ್ ಸೊಸೈಟಿಯ ಮುಂದಿಟ್ಟನು. ಆ ಸಂಸ್ಥೆ ಅವನಿಗೆ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಮದ್ದು ಒಂದೇ ಆಗಿದ್ದು ಗುಂಡಿನ ಭಾರ ಮಾತ್ರ ಬದಲಾದರೆ, ವೇಗವು ಭಾರದ ವರ್ಗಮೂಲಕ್ಕೆ ಹೆಚ್ಚುಕಡಿಮೆ ವಿಲೋಮವಾಗಿರುತ್ತದೆ ಎಂಬುದು ಆ ನಿರ್ಣಯಗಳಲ್ಲಿ ಒಂದು. ಇದಕ್ಕೆ ಕಾರಣವನ್ನು ಹೇಳುವುದು ಕಷ್ಟವಲ್ಲ. ಉರಿದ ಮದ್ದಿನ ಅನಿಲವು ನಳಿಗೆಯ ಉದ್ದಕ್ಕೂ ಗುಂಡನ್ನು ತಳ್ಳಿ ಮಾಡುವ ಕಾರ್ಯ ಎರಡು ಸಂದರ್ಭಗಳಲ್ಲಿಯೂ ಸಮವೆಂದು ಇಟ್ಟುಕೊಂಡರೆ ಗುಂಡಿಗೆ ದೊರೆಯುವ ಚಲನಶಕ್ತಿಯೂ ಸಮವಾಗುತ್ತದೆ. ಚಲನಶಕ್ತಿಯು ಭಾರಕ್ಕೂ ವೇಗದ ವರ್ಗಕ್ಕೂ ಅನುಗುಣವಾದ್ದರಿಂದ ಭಾರ ಏರಿದಂತೆ ವೇಗವು ಅದರ ವರ್ಗಮೂಲದ ಪ್ರಮಾಣದಲ್ಲಿ ಇಳಿಯಬೇಕು. ‘ಸಮವೆಂದು ಇಟ್ಟುಕೊಂಡರೆ’ ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ವಾದದ ಭಾರವೆಲ್ಲ ಅದರ ಮೇಲೆ ಕುಳಿತಿದೆ.

ಈಗ ಈ ಸೂತ್ರವನ್ನು ನಮ್ಮ ತೋಟಾಕ್ಕೆ ಅನ್ವಯಿಸಿ ನೋಡೋಣ. ೧೯೦೬ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ, ಈಗಲೂ ಬೇಟೆಗಾರರ ಕೈಯಲ್ಲಿ ಬಹುವಾಗಿ ಓಡಾಡುವ ‘ಥರ್ಟಿ ಆಟ್ ಸಿಕ್ಸ್’ ಎಂಬ ತೋಟಾದ ವಿಷಯದಲ್ಲಿ ತಯಾರಕರ ಕೋಷ್ಟಕಗಳು ಸಾಮಾನ್ಯವಾಗಿ ಕೊಡುವ ವೇಗ ೧೫೦ ಗ್ರೇನಿನ ಗುಂಡಿಗೆ ಸೆಕೆಂಡಿಗೆ ೨,೯೧೦ ಅಡಿ. ಹಟನ್ನನ ಸೂತ್ರದಂತೆ ೧೮೦ ಗ್ರೇನಿಗೆ ೨,೬೫೬ ಅಡಿ ಬರಬೇಕು. ಕೋಷ್ಟಕದಲ್ಲಿರುವುದು ೨,೭೦೦. ಊಹೆ ಕೊಂಚ ಕೆಳಗೆ ಬಿದ್ದಿತು. ಚಲನಶಕ್ತಿಯ ಬದಲು ಆವೇಗ ಸಮವೆಂದು ಇಟ್ಟುಕೊಂಡಿದ್ದರೆ ೨,೪೨೫ ಬಂದು ಇನ್ನೂ ದೂರ ಹೋಗುತ್ತಿದ್ದೆವು. ಲಗ್ರಾಂಜ್ ಎಂಬ ಗಣಿತಜ್ಞನ ಕಾಲದಿಂದ ಬಂದಿರುವ ತಿದ್ದುಪಡಿಯೊಂದುಂಟು: ನಳಿಗೆಯಲ್ಲಿ ಓಡುವುದು ಗುಂಡೊಂದೇ ಅಲ್ಲ, ಅದರ ಬೆನ್ನಿಗೆ ಮದ್ದಿನಿಂದಾದ ಅನಿಲವೂ ಓಡುತ್ತದೆ, ಆದುದರಿಂದ ಮದ್ದಿನ ತೂಕದ ಮೂರನೆಯ ಒಂದು ಪಾಲನ್ನು ಗುಂಡಿನ ಭಾರಕ್ಕೆ ಸೇರಿಸಿ ಗಣಿಸಬೇಕು. ಮದ್ದು ಹಗುರವಾದ ಗುಂಡಿನ ಮೂರನೆಯ ಒಂದು ಪಾಲೆಂದು ಹಿಡಿದು ಹೀಗೆ ಮಾಡಿದರೆ ೨,೬೭೯ ಬರುತ್ತದೆ. ಹತ್ತಿರವಾಯಿತು, ಆದರೂ ಮುಟ್ಟಲಿಲ್ಲ.

ಬುದ್ಧಿವಂತನಾದವನು ಇಲ್ಲಿ ಬೇರೊಂದು ದಾರಿ ಹಿಡಿಯುತ್ತಾನೆ. ಕಾರಣದ ಗೊಡವೆಯೇ ಬೇಡ, ಕೋಷ್ಟಕದ ಎರಡು ಅಂಕಿಗಳು ನನಗೆ ತಿಳಿದಿವೆ, ಅವೆರಡನ್ನೂ ಮುಟ್ಟುವ ಸೂತ್ರವನ್ನು ನಾನೇ ಕಟ್ಟುತ್ತೇನೆ ಎನ್ನುತ್ತಾನೆ. ವರ್ಗಮೂಲವೆಂದರೆ ಅರ್ಧದ ಘಾತ. ಅದನ್ನು ಕೊಂಚ ಇಳಿಸಿ ೦.೪೧ ಎಂದು ಮಾಡಿದರೆ ೧೫೦ ಮತ್ತು ೧೮೦ ಎರಡೂ ಸರಿಹೊಂದುತ್ತವೆ. ಹೊಸ ಸೂತ್ರವನ್ನು ನಡುವಣ ೧೬೫ ಗ್ರೇನಿನ ಗುಂಡಿನ ಮೇಲೆ ಪರೀಕ್ಷಿಸಿದರೆ ಸುಮಾರು ೨,೭೯೮ ಎಂಬ ಉತ್ತರ ಬರುತ್ತದೆ, ಕೋಷ್ಟಕದಲ್ಲಿರುವುದು ೨,೮೦೦. ಯಾರಿಗಾದರೂ ಹರ್ಷವಾಗತಕ್ಕ ಸಂವಾದವಿದು. ಆ ಹರ್ಷದ ಬಲದಿಂದಲೇ ಅವನು ೨೨೦ ಗ್ರೇನಿನ ಭಾರಿ ಗುಂಡಿಗೆ ಕೈಹಾಕುತ್ತಾನೆ. ಅವನ ಸೂತ್ರ ಹೇಳುವುದು ಸುಮಾರು ೨,೪೮೬. ಕೋಷ್ಟಕ ಹೇಳುವುದು ೨,೪೧೦. ಎಪ್ಪತ್ತಾರು ಅಡಿಗಳ ಅಂತರ! ಇನ್ನೂ ವಿಚಿತ್ರವಾದದ್ದು, ಅವನು ಒರಟೆಂದು ಬದಿಗಿಟ್ಟ ಹಟನ್ನನ ವರ್ಗಮೂಲದ ಸೂತ್ರವನ್ನೇ ೧೫೦ರಿಂದ ನೇರವಾಗಿ ೨೨೦ಕ್ಕೆ ಹಾಕಿದ್ದರೆ ೨,೪೦೩ ಬಂದು ಸತ್ಯದ ಏಳು ಅಡಿಗಳ ಒಳಗೆ ನಿಲ್ಲುತ್ತಿದ್ದನು. ಹತ್ತಿರದಲ್ಲಿ ತಪ್ಪಿದ ಸೂತ್ರ ದೂರದಲ್ಲಿ ಸರಿಯಾಯಿತು. ಹತ್ತಿರದಲ್ಲಿ ಸರಿಯಾದ ಸೂತ್ರ ದೂರದಲ್ಲಿ ತಪ್ಪಿತು.

ಹಾಗಾದರೆ ಹಟನ್ನನ ಸೂತ್ರವೇ ನಿಜವೆಂದು ತೀರ್ಮಾನಿಸೋಣವೆ? ಕೂಡದು. ಆ ಸೂತ್ರದ ನಿಬಂಧನೆ ಮದ್ದು ಒಂದೇ ಆಗಿರಬೇಕೆಂಬುದು. ಕಾರ್ಖಾನೆಯವರಾದರೋ ಗುಂಡಿನ ಭಾರಕ್ಕೆ ತಕ್ಕಂತೆ ಮದ್ದಿನ ಜಾತಿಯನ್ನೂ ತೂಕವನ್ನೂ ಬದಲಿಸುತ್ತಾರೆ. ನಿಬಂಧನೆಯೇ ಇಲ್ಲದ ಸ್ಥಳದಲ್ಲಿ ಸೂತ್ರ ಸರಿಯಾದ ಉತ್ತರವನ್ನು ಕೊಟ್ಟರೆ ಅದನ್ನು ಜ್ಞಾನವೆನ್ನಬಹುದೆ? ದೂರದ ಮಂಜನ್ನು ಹೊಗೆಯೆಂದು ಭ್ರಮಿಸಿದವನು ಅಲ್ಲಿ ಬೆಂಕಿಯಿದೆಯೆಂದು ಊಹಿಸಿ, ಹೋಗಿ ನೋಡಿದಾಗ ದೈವವಶಾತ್ ಅಲ್ಲಿ ಬೆಂಕಿಯೂ ಇದ್ದಿತೆಂದರೆ, ಅವನಿಗೆ ಮೊದಲೇ ಬೆಂಕಿಯ ತಿಳಿವಿದ್ದಿತೆಂದು ಹೇಳಬಹುದೆ? ಹನ್ನೆರಡನೆಯ ಶತಮಾನದ ಶ್ರೀಹರ್ಷನು ಖಂಡನಖಂಡಖಾದ್ಯದಲ್ಲಿ ಈ ಬಗೆಯ ತೊಡಕನ್ನೇ ಎತ್ತಿ, ಯಥಾರ್ಥವಾದ ಅನುಭವವೇ ಪ್ರಮೆಯೆಂಬ ಲಕ್ಷಣವನ್ನು ಅಲುಗಿಸಿದನು. ೨,೪೦೩ ಎಂಬ ಸಂಖ್ಯೆ ಮಂಜಿನಲ್ಲಿ ಕಂಡ ಬೆಂಕಿ. ಅಂಥ ಸತ್ಯ ಬಂದದ್ದು ಗೊತ್ತಾಗುತ್ತದೆ, ಮತ್ತೊಮ್ಮೆ ಬರುತ್ತದೆಂಬ ಭರವಸೆಯಿರುವುದಿಲ್ಲ. ಅದನ್ನು ನೆಚ್ಚಿ ಕೋವಿಯ ಕುದುರೆಯನ್ನು ಎಳೆಯತಕ್ಕವನು ತನ್ನ ಅದೃಷ್ಟವನ್ನು ನೆಚ್ಚಿದವನೇ ಹೊರತು ಪ್ರಮಾಣವನ್ನಲ್ಲ.

ಈಗ ಕಬ್ಬಿಣದ ಗುಂಡಿನ ಮಾತು. ಹೊಗೆಯಿದ್ದಲ್ಲಿ ಬೆಂಕಿ ಉಂಟೆಂಬ ತಪ್ಪದ ಸಂಬಂಧವೇ ವ್ಯಾಪ್ತಿ. ಬೆಂಕಿಯಿದ್ದಲ್ಲಿ ಹೊಗೆ ಉಂಟೆಂಬುದು ವ್ಯಾಪ್ತಿಯಲ್ಲ. ಏಕೆ? ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಅಡುಗೆಯ ಮನೆಯಲ್ಲಿ, ಯಜ್ಞಶಾಲೆಯಲ್ಲಿ, ಕಾಡಿನಲ್ಲಿ ಬೆಂಕಿಯೊಡನೆ ಹೊಗೆಯನ್ನು ಕಂಡಿದ್ದ ನಾವು ಅವೆರಡರ ಸಂಬಂಧ ಸಹಜವೆಂದು ನಂಬಿದ್ದೆವು. ಆದರೆ ಅಲ್ಲೆಲ್ಲ ಹೊಗೆಯನ್ನು ತಂದದ್ದು ಬೆಂಕಿ ಒಂದೇ ಅಲ್ಲ, ಬೆಂಕಿಗೆ ತಗುಲಿದ ಹಸಿಯ ಸೌದೆ. ನಾವು ಲೆಕ್ಕಕ್ಕೆ ತಂದುಕೊಳ್ಳದೆಯೇ ನಮ್ಮ ದೃಷ್ಟಾಂತಗಳಲ್ಲೆಲ್ಲ ಹಾಜರಿದ್ದ ಆ ಹಸಿಯ ಸೌದೆಗೆ ನೈಯಾಯಿಕರು ಉಪಾಧಿ ಎಂದು ಹೆಸರಿಟ್ಟರು. ಸಾಧ್ಯವಾದ ಹೊಗೆಯಿದ್ದೆಡೆಯಲ್ಲೆಲ್ಲ ಅದಿರುತ್ತದೆ, ಹೇತುವಾದ ಬೆಂಕಿಯಿದ್ದೆಡೆಯಲ್ಲೆಲ್ಲ ಇರುವುದಿಲ್ಲ. ಹೇತುವು ತನ್ನದೆಂದು ತೋರಿಸಿಕೊಳ್ಳುವ ಬಲವು ನಿಜವಾಗಿ ಅದರದು. ಜಗತ್ತಿನ ತರ್ಕಶಾಸ್ತ್ರಕ್ಕೆ ನಮ್ಮವರು ಕೊಟ್ಟ ಕಾಣಿಕೆಗಳಲ್ಲಿ ಇದಕ್ಕಿಂತ ಹಿರಿದಾದದ್ದನ್ನು ನಾನು ಅರಿಯೆನು. ಊಹೆ ತಪ್ಪಿದಾಗ ‘ಅಯ್ಯೋ ತಪ್ಪಿತು’ ಎಂದು ಕೈಚೆಲ್ಲದೆ, ಇದುವರೆಗೆ ಅದು ಸರಿಯಾಗಿ ಬರುತ್ತಿದ್ದುದಕ್ಕೆ ಯಾವುದು ಮರೆಯಲ್ಲಿ ನಿಂತು ನೆರವಾಗುತ್ತಿದ್ದಿತೆಂದು ಹುಡುಕಿಸುವ ವಿಚಾರವಿದು.

ನಮ್ಮ ತೋಟಾದಲ್ಲಿ ಅಂಥ ಉಪಾಧಿಗಳು ಒಂದೆರಡಲ್ಲ. ಭಾರವಾದ ಗುಂಡು ಉದ್ದವಾದದ್ದು. ತೋಟಾದ ಒಟ್ಟು ಉದ್ದ ಮೀರಬಾರದಾದ್ದರಿಂದ ಅದು ಕವಚದೊಳಕ್ಕೆ ಆಳವಾಗಿ ಇಳಿದು ಮದ್ದಿನ ಸ್ಥಳವನ್ನು ಆಕ್ರಮಿಸುತ್ತದೆ. ಮದ್ದಿನ ಉರಿಯುವ ವೇಗ ಒತ್ತಡಕ್ಕೆ ತಕ್ಕಂತೆ ಏರುತ್ತದೆ. ಚಳಿಯ ಬೆಳಗಿನಲ್ಲಿ ಒಂದು ವೇಗ ಕೊಟ್ಟ ಮದ್ದು ಬಿಸಿಲಿನ ಮಧ್ಯಾಹ್ನದಲ್ಲಿ ಬೇರೆ ವೇಗ ಕೊಡುತ್ತದೆ. ಒಂದು ಕೋವಿಯ ನಳಿಗೆ ಇನ್ನೊಂದರಂತಿರುವುದಿಲ್ಲ. ಒಂದು ಸಲದ ತಯಾರಿಕೆಯ ಮದ್ದು ಮುಂದಿನ ಸಲದ್ದನ್ನು ಪೂರ್ತಿಯಾಗಿ ಹೋಲುವುದಿಲ್ಲ. ಅವಸ್ಥೆ, ದೇಶ, ಕಾಲಗಳು ಭಿನ್ನವಾದಂತೆ ವಸ್ತುಗಳ ಶಕ್ತಿಯೂ ಭಿನ್ನವಾಗುವುದರಿಂದ ಅನುಮಾನದ ಬಲದಿಂದ ವಸ್ತುಸ್ವಭಾವವನ್ನು ನಿಶ್ಚಯಿಸುವುದು ಅತಿ ದುರ್ಲಭವೆಂಬ ಅಭಿಪ್ರಾಯ ಭರ್ತೃಹರಿಯ ವಾಕ್ಯಪದೀಯದಲ್ಲಿದೆ. ಶಬ್ದತತ್ತ್ವವನ್ನು ಧ್ಯಾನಿಸುತ್ತಿದ್ದ ಆ ಮಹಾವೈಯಾಕರಣನ ಅಭಿಪ್ರಾಯದಲ್ಲಿ ಒಂದು ಪದವನ್ನೂ ಬದಲಿಸದೆ ಮದ್ದಿನ ಡಬ್ಬಿಯ ಮೇಲೆ ಅಂಟಿಸಬಹುದು. ಹೊಗೆಯನ್ನೇ ಹೇತುವನ್ನಾಗಿ ನೆಚ್ಚಿದವರು, ೧೮೮೪ರಲ್ಲಿ ಫ್ರಾನ್ಸಿನ ವಿಯೇಯ್ ಎಂಬಾತನು ಹೊಗೆಯಿಲ್ಲದ ಮದ್ದನ್ನೇ ಮಾಡಿ ತೋರಿಸಿದನೆಂಬುದನ್ನು ಕೇಳಿದ್ದರೆ ತಮ್ಮ ಕಬ್ಬಿಣದ ಗುಂಡಿಗೆ ಒಡಹುಟ್ಟು ದೊರೆಯಿತೆಂದು ಸಂತೋಷಪಡುತ್ತಿದ್ದರು.

ಉಪಾಧಿಗಳನ್ನೆಲ್ಲ ಹುಡುಕಿ ಮುಗಿಸುವುದು ಎಂದಿಗಾದರೂ ಸಾಧ್ಯವೆ ಎಂಬುದು ಚಾರ್ವಾಕನ ಪ್ರಶ್ನೆ. ಕಾಣುವ ಉಪಾಧಿಯನ್ನು ತಳ್ಳಿಹಾಕಬಹುದು. ಕಾಣದ್ದನ್ನು ತಳ್ಳುವುದು ಹೇಗೆ? ರಾಬಿನ್ಸನ ಗ್ರಂಥ ಹೊರಬಿದ್ದ ಆರು ವರ್ಷಗಳ ಮೇಲೆ, ೧೭೪೮ರಲ್ಲಿ, ಸ್ಕಾಟ್‌ಲೆಂಡಿನ ಡೇವಿಡ್ ಹ್ಯೂಮನೂ ಇದೇ ಮಾತನ್ನು ತನ್ನ ರೀತಿಯಲ್ಲಿ ಕೇಳಿದನು: ನಿನ್ನೆ ನಡೆದಂತೆ ನಾಳೆ ನಡೆಯಬೇಕೆಂಬುದಕ್ಕೆ ನಮ್ಮ ಅಭ್ಯಾಸವಲ್ಲದೆ ಬೇರೆ ಆಧಾರವೇನು? ನಮ್ಮಲ್ಲಿ ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯಲ್ಲಿ ಇದಕ್ಕೆ ಕೊಟ್ಟ ಉತ್ತರ ಧೀರವಾದದ್ದು. ಸಂಶಯಕ್ಕೂ ಒಂದು ಎಲ್ಲೆಯುಂಟು. ಸಂಶಯಿಸುವವನ ಪ್ರವೃತ್ತಿಯೇ ಅವನ ಸಂಶಯವನ್ನು ಎಲ್ಲಿ ವಿರೋಧಿಸುತ್ತದೆಯೋ ಅಲ್ಲಿ ಸಂಶಯ ನಿಲ್ಲತಕ್ಕದ್ದು. ಹಸಿವೆಗೆ ಅನ್ನವನ್ನೂ ಹೊಗೆಗೆ ಬೆಂಕಿಯನ್ನೂ ನಿಶ್ಶಂಕೆಯಿಂದ ಅರಸುವವನು ಕಾರ್ಯಕಾರಣಗಳ ನಿಯಮವನ್ನು ಬಾಯಲ್ಲಿ ಮಾತ್ರ ಅಲ್ಲಗಳೆದಂತಾಯಿತು. ಶ್ರೀಹರ್ಷನು ಈ ಉತ್ತರವನ್ನೇ ತಿರುಗಿಸಿ ಹಿಡಿದು, ವಿರೋಧವೆಂಬುದು ತೋರಬೇಕಾದರೂ ಸಂಶಯ ಇದ್ದೇ ಇರಬೇಕಲ್ಲವೆ, ಹಾಗಾದ ಮೇಲೆ ಅದು ಸಂಶಯಕ್ಕೆ ಎಲ್ಲೆಯಾಗುವುದೆಂತು ಎಂದು ಕೇಳಿದನು. ಗಂಗೇಶೋಪಾಧ್ಯಾಯನು ಮತ್ತೆ ಶ್ರೀಹರ್ಷನನ್ನು ಎದುರಿಸಿದನು. ಆ ವಾದದ ಸುಳಿಗೆ ನಾನು ಇಳಿಯುವುದಿಲ್ಲ. ತೋಟಾ ತುಂಬುವವನ ನಡತೆಯನ್ನು ನೋಡಿದರೆ, ಉದಯನ ಶ್ರೀಹರ್ಷರಿಬ್ಬರೂ ಎಣಿಸದೆ ಬಿಟ್ಟ ಒಂದು ಸಂಗತಿ ಕಾಣುತ್ತದೆಂಬುದನ್ನು ಮಾತ್ರ ಹೇಳುತ್ತೇನೆ. ವಿವೇಕಿಯಾದವನು ಭಾರವಾದ ಗುಂಡಿಗೆ ಮದ್ದನ್ನು ತುಂಬುವಾಗ ಪ್ರಕಟಿತ ಕೋಷ್ಟಕದ ಕನಿಷ್ಠ ತೂಕದಿಂದ ತೊಡಗಿ, ಪ್ರತಿಯೊಂದು ಹಂತದಲ್ಲಿಯೂ ಹಾರಿಸಿ, ಕವಚವನ್ನೂ ಕೇಪನ್ನೂ ಬೆಳಕಿಗೆ ಹಿಡಿದು ನೋಡಿ, ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ಹೋಗುತ್ತಾನೆ. ಹಾರಿಸುತ್ತಾನಾದ್ದರಿಂದ ನಂಬಿದ್ದಾನೆ, ಕೆಳಗಿನಿಂದ ತೊಡಗುತ್ತಾನಾದ್ದರಿಂದ ಸಂಶಯಿಸಿದ್ದಾನೆ. ಪ್ರವೃತ್ತಿ ಸಂಶಯವನ್ನು ಕೊಂದಿಲ್ಲ. ಸಂಶಯ ಪ್ರವೃತ್ತಿಯನ್ನು ಕಟ್ಟಿಹಾಕಿಲ್ಲ.

ಅವನು ಇಷ್ಟು ಜಾಗರೂಕನಾಗಿರುವುದಕ್ಕೆ ಕಾರಣವುಂಟು. ಮದ್ದಿನ ತೂಕವನ್ನು ಬದಲಿಸದೆ ಗುಂಡಿನ ಭಾರವನ್ನು ಏರಿಸಿದರೆ ವೇಗ ಇಳಿಯುವುದು ಮಾತ್ರವಲ್ಲ, ಒತ್ತಡ ಏರುತ್ತದೆ. ಭಾರವಾದ ಗುಂಡು ಸ್ಥಳವನ್ನು ಬಿಟ್ಟು ಕದಲುವುದು ತಡ. ಅನಿಲಕ್ಕೆ ಹಿಗ್ಗಲು ಎಡೆ ದೊರೆಯುವುದೂ ತಡ. ಎಡೆಯಿಲ್ಲದೆ ಒತ್ತಡ ಏರಿದಂತೆ ಮದ್ದು ಇನ್ನೂ ತೀವ್ರವಾಗಿ ಉರಿಯುತ್ತದೆ. ತೀವ್ರವಾಗಿ ಉರಿದಂತೆ ಒತ್ತಡ ಇನ್ನೂ ಏರುತ್ತದೆ. ಈ ತೋಟಾಕ್ಕೆ ಅಮೆರಿಕದ ತಯಾರಕರು ಒಪ್ಪಿಕೊಂಡ ಪರಮಾವಧಿ ಚದರ ಅಂಗುಲಕ್ಕೆ ೬೦,೦೦೦ ಪೌಂಡ್. ವೇಗದ ಸೂತ್ರದಲ್ಲಿ ಈ ಒತ್ತಡದ ಸುಳಿವೇ ಇಲ್ಲ. ಮನೆಯಲ್ಲಿ ತುಂಬುವವನ ಬಳಿ ಒತ್ತಡವನ್ನು ಅಳೆಯುವ ಸಾಧನ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಅದು ಅವನ ಪಾಲಿಗೆ ಅತೀಂದ್ರಿಯವಾದದ್ದೇ ಸರಿ. ಅತೀಂದ್ರಿಯ ವಿಷಯದಲ್ಲಿ ನಮ್ಮ ಹಿರಿಯರು ಶಬ್ದಪ್ರಮಾಣವನ್ನು ಆಶ್ರಯಿಸಿದರಷ್ಟೆ. ಅವನೂ ಆಶ್ರಯಿಸುವುದು ಅದನ್ನೇ. ಪ್ರಯೋಗಶಾಲೆಯ ನಳಿಗೆಗಳಲ್ಲಿ ಒತ್ತಡವನ್ನು ಅಳೆದು ಅಚ್ಚುಮಾಡಿದ ಕೋಷ್ಟಕ ಅವನಿಗೆ ಆಪ್ತವಾಕ್ಯ. ವಸ್ತುವನ್ನು ಸಾಕ್ಷಾತ್ತಾಗಿ ಕಂಡು, ಕಂಡಂತೆ ಇತರರಿಗೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದು ವಾತ್ಸ್ಯಾಯನನು ಹೇಳಿದ ಲಕ್ಷಣ ಆ ಕೋಷ್ಟಕಕಾರರಿಗೆ ಸಲ್ಲುತ್ತದೆ. ವೇದದ ಪ್ರಾಮಾಣ್ಯವನ್ನು ಇದರೊಡನೆ ಸಮೀಕರಿಸುವ ಸಾಹಸವನ್ನು ನಾನು ಮಾಡುವುದಿಲ್ಲ; ಇದರ ಹಿಂದೆ ಒಬ್ಬ ಮನುಷ್ಯನ ಪ್ರತ್ಯಕ್ಷವಿದೆ, ಅಪೌರುಷೇಯವೆನಿಸಿದ್ದರ ಹಿಂದೆ ಹಾಗಿಲ್ಲ.

ಅನುಮಾನಕ್ಕೆ ಇಲ್ಲಿ ಉಳಿಯುವ ಸ್ಥಾನ ಯಾವುದು? ಈ ಪ್ರಶ್ನೆಗೆ ನನಗೆ ಅತ್ಯಂತ ತೃಪ್ತಿಕರವಾಗಿ ತೋರುವ ಉತ್ತರ ಮಧ್ವಸಿದ್ಧಾಂತದ ಆಚಾರ್ಯರದು. ವಿಜಯನಗರದ ಅರಸರ ಕಾಲದಲ್ಲಿ ಬಾಳಿದ, ಆನೆಗೊಂದಿಯ ಬಳಿಯ ನಡುಗಡ್ಡೆಯಲ್ಲಿ ಬೃಂದಾವನಸ್ಥರಾಗಿರುವ ವ್ಯಾಸತೀರ್ಥರು ನ್ಯಾಯಾಮೃತದಲ್ಲಿ ಉಪಜೀವ್ಯವಿರೋಧವೆಂಬ ತತ್ತ್ವವನ್ನು ಪ್ರಬಲವಾಗಿ ಎತ್ತಿಹಿಡಿದರು. ಕಾಣುವುದರಿಂದಲೇ ಜಗತ್ತು ಮಿಥ್ಯೆ, ಕಪ್ಪೆಚಿಪ್ಪಿನಲ್ಲಿ ತೋರುವ ಬೆಳ್ಳಿಯಂತೆ ಎಂದು ಅದ್ವೈತಿಗಳು ಅನುಮಾನವನ್ನು ಹೂಡಿದಾಗ ಇವರ ಉತ್ತರ ಹೀಗಿದ್ದಿತು: ಅನುಮಾನವು ಜೀವಿಸುವುದು ಪ್ರತ್ಯಕ್ಷವನ್ನು ಆಶ್ರಯಿಸಿ, ಪಕ್ಷವನ್ನೂ ಹೇತುವನ್ನೂ ದೃಷ್ಟಾಂತವನ್ನೂ ಅದಕ್ಕೆ ಒದಗಿಸಿಕೊಟ್ಟದ್ದು ಪ್ರತ್ಯಕ್ಷ, ತಾನು ಯಾವುದನ್ನು ಆಶ್ರಯಿಸಿ ಬದುಕಿದೆಯೋ ಅದನ್ನೇ ಸುಳ್ಳುಮಾಡಲು ಅದಕ್ಕೆ ಅಧಿಕಾರವಿಲ್ಲ. ದ್ರವ್ಯವಾದ್ದರಿಂದ ನೀರಿನಂತೆ ಬೆಂಕಿಯೂ ತಣ್ಣಗಿರಬೇಕೆಂದು ಸಾಧಿಸ ಹೊರಟವನಿಗೆ ಉತ್ತರವನ್ನು ಅವನ ಬೆರಳೇ ಕೊಡುತ್ತದೆ. ಅದ್ವೈತಿಗಳ ಮರುಮಾತನ್ನೂ ಹೇಳದಿದ್ದರೆ ನ್ಯಾಯವಾಗದು: ಪ್ರತ್ಯಕ್ಷವೂ ಮೋಸಮಾಡುತ್ತದೆ, ಗಗನದ ಚಂದ್ರನು ಕಣ್ಣಿಗೆ ಗೇಣುದ್ದವಾಗಿ ತೋರುತ್ತಾನೆ, ಆಮೇಲೆ ಬಂದ ಪ್ರಮಾಣ ಅದನ್ನು ಬಾಧಿಸುತ್ತದೆ. ಇದು ತೂಕವುಳ್ಳ ಮಾತು. ವೇಗವನ್ನು ಅಳೆಯುವ ಇಂದಿನ ವಿದ್ಯುದ್ಯಂತ್ರವೂ ಬೆಳಕು ಓರೆಯಾಗಿ ಬಿದ್ದರೆ, ನಳಿಗೆಗೆ ತೀರ ಸಮೀಪವಿಟ್ಟು ಬಾಯಿಯಿಂದ ಹೊಮ್ಮುವ ಅನಿಲದ ಹೊಡೆತಕ್ಕೆ ಸಿಕ್ಕಿದರೆ, ಸುಳ್ಳು ಹೇಳುತ್ತದೆ. ಅದಕ್ಕಾಗಿಯೇ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಪ್ರತ್ಯಕ್ಷಕ್ಕೆ ಇಂದ್ರಿಯವೂ ವಿಷಯವೂ ನಿರ್ದೋಷವಾಗಿರಬೇಕೆಂಬ ನಿಯಮವನ್ನು ಹಾಕಿದರು. ದೋಷವಿದೆಯೆಂದು ಶಂಕೆ ಬಂದರೆ ದೋಷವನ್ನು ಹುಡುಕತಕ್ಕದ್ದು. ಯಂತ್ರವನ್ನು ಸರಿಸಿಟ್ಟು ಮತ್ತೆ ಹಾರಿಸತಕ್ಕದ್ದು. ಸೂತ್ರಕ್ಕೆ ಒಪ್ಪಲಿಲ್ಲವೆಂಬ ಒಂದೇ ಕ್ಲೇಶಕ್ಕಾಗಿ ಅಳತೆಯನ್ನು ತಳ್ಳತಕ್ಕದ್ದಲ್ಲ.

ಈ ತತ್ತ್ವವನ್ನು ಮರೆತವನು ಎಲ್ಲಿಗೆ ಹೋಗಿ ಮುಟ್ಟುತ್ತಾನೆ, ನೋಡಿ. ತನ್ನ ಸೂತ್ರದಂತೆ ೨,೪೮೬ ಅಡಿ ಬರಬೇಕಾಗಿದ್ದ ಗುಂಡು ಅಳತೆಯಲ್ಲಿ ೨,೪೧೦ ತೋರಿಸಿತು. ವಿವೇಕಿಯಾದರೆ ಸೂತ್ರ ತಪ್ಪಿತೆನ್ನುತ್ತಾನೆ. ಇವನು ಗುಂಡಿಗೆ ವೇಗ ಸಾಲದೆಂದು ಬಗೆದು, ‘ಬರಬೇಕಾದ’ ವೇಗವನ್ನು ಬರಿಸುವುದಕ್ಕಾಗಿ ಮದ್ದನ್ನು ಏರಿಸುತ್ತಾನೆ. ಆ ಗಳಿಗೆಯಲ್ಲಿ ಅನುಮಾನವು ಪ್ರಮಾಣದ ಸ್ಥಾನವನ್ನು ಬಿಟ್ಟು ವಿಧಿಯ ಸ್ಥಾನವನ್ನು ಏರಿತು. ಹೀಗಿದ್ದೀತು ಎಂಬುದು ಹೀಗಿರಲೇಬೇಕು ಎಂದಾಯಿತು. ಅಳತೆಯು ಊಹೆಗಿಂತ ಕಡಿಮೆಯಾಗಿ ಬಂದರೆ ತೃಪ್ತನಾಗಿ ಅಲ್ಲಿಯೇ ನಿಲ್ಲಬಹುದು; ಹೆಚ್ಚಾಗಿ ಬಂದರೆ ಭಯಪಡಬೇಕು, ಏಕೆಂದರೆ ಕೋಷ್ಟಕ ಕೊಟ್ಟುದನ್ನು ಮೀರಿದ ವೇಗವನ್ನು ಮೀರಿದ ಒತ್ತಡವೇ ತಂದಿರುವುದುಂಟು. ಇವನು ಸಂತೋಷಪಡತಕ್ಕ ಕಡೆ ಅತೃಪ್ತನಾಗಿ, ಭಯಪಡತಕ್ಕ ಕಡೆ ಗೆದ್ದೆನೆಂದುಕೊಳ್ಳುತ್ತಾನೆ. ಶಾಸ್ತ್ರವಾದದಲ್ಲಿ ಉಪಜೀವ್ಯವಿರೋಧ ಮಾಡಿದವನಿಗೆ ಸಭೆಯಲ್ಲಿ ಸೋಲು. ಇಲ್ಲಿ ಕೋವಿಯ ಬೀಗವೇ ಹಿಂದಕ್ಕೆ ಸಿಡಿದು ಬರಬಹುದು.

ತನ್ನ ಮೈಗೆ ಬರುವ ಅಪಾಯವನ್ನು ಒಬ್ಬನು ತಿಳಿದೂ ತಲೆಯ ಮೇಲೆ ಎಳೆದುಕೊಂಡರೆ ಅದು ಅವನ ಪಾಡೆಂದು ಬಿಡಬಹುದೇನೋ. ಆದರೆ ಗುರಿಯ ಮೈದಾನದಲ್ಲಿ ಅವನು ಒಬ್ಬನೇ ಇರುವುದಿಲ್ಲ. ಪಕ್ಕದ ಮೇಜಿನಲ್ಲಿ ಕುಳಿತವನು ಇವನ ಸೂತ್ರವನ್ನು ನೋಡಿದವನಲ್ಲ, ಅದರ ೦.೪೧ ಎಲ್ಲಿಂದ ಬಂದಿತೆಂದು ಕೇಳಿದವನಲ್ಲ, ಅದಕ್ಕೆ ಒಪ್ಪಿಗೆ ಕೊಟ್ಟವನಂತೂ ಅಲ್ಲ. ಅಪ್ಪನ ಜೊತೆ ಬಂದು ಬೆನ್ನ ಹಿಂದೆ ನಿಂತ ಮಗುವಿಗೆ ಸೂತ್ರವೆಂಬುದೊಂದು ಉಂಟೆಂಬುದೂ ತಿಳಿಯದು. ಉಪಾಧಿಯ ಶಂಕೆಯನ್ನು ಎಷ್ಟು ದೂರ ಅಟ್ಟಬೇಕೆಂಬ ಪ್ರಶ್ನೆಗೆ ನ್ಯಾಯಶಾಸ್ತ್ರವೊಂದೇ ಉತ್ತರ ಕೊಡಲಾರದೆಂದು ನಾನು ಭಾವಿಸುವುದು ಇದರಿಂದ: ಬೆಟ್ಟದ ಬೆಂಕಿಯನ್ನು ಊಹಿಸುವವನು ಒಂದೆರಡು ದೃಷ್ಟಾಂತಗಳಿಗೆ ತೃಪ್ತನಾಗಬಹುದು, ಇನ್ನೊಬ್ಬರ ಕಣ್ಣು ಕೈಗಳನ್ನು ಪಣವಾಗಿಟ್ಟು ಊಹಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಹಟನ್ನನಿಗೆ ಪದಕ ದೊರೆತಿದ್ದಿತು, ಸೂತ್ರ ಸಿದ್ಧವಾಗಿದ್ದಿತು, ವಿದ್ವಾಂಸರು ಒಪ್ಪಿದ್ದರು. ಆದರೂ ಅವನು ೧೭೮೩ರಿಂದ ೧೭೮೫ರವರೆಗೆ ವುಲಿಚ್ಚಿನಲ್ಲಿ ಮತ್ತೆ ಲೋಲಕವನ್ನು ತೂಗಬಿಟ್ಟು, ತಾನೇ ಹೇಳಿದ್ದನ್ನು ಈಡಿನ ಮೇಲೆ ಈಡು ಹಾರಿಸಿ ಅಳೆಯುತ್ತ ಕುಳಿತನು.